ನೂರ ಇಪ್ಪತ್ತು ವರ್ಷದ ಬಾಚಣಿಗೆ

ನಮ್ಮ ಮನೆಯಲ್ಲಿ ಬಾಚಣಿಗೆ ಎಂದರೆ ತಲೆ ಬಾಚುವುದಲ್ಲ. ಅದೂ ಒಂದಿದೆ, ಆದರೆ ನನ್ನ ತಲೆಯ ಈಗಿನ ಪರಿಸ್ಥಿತಿಯಲ್ಲಿ ಅದಕ್ಕೆ ಕೆಲಸ ಕಡಿಮೆ. ಬಾಚಣಿಗೆ ಎಂದರೆ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ನಿಂತಿರುವ, ಒಣಹುಲ್ಲು ಬಾಚುವ ಕಬ್ಬಿಣದ ಯಂತ್ರ. ಎದೆಮಟ್ಟದ ಎರಡು ಚಕ್ರ, ನಡುವೆ ಒಂದು ಉದ್ದನೆಯ ಅಚ್ಚು, ಅಚ್ಚಿನಿಂದ ಇಳಿಬಿದ್ದ ಇಪ್ಪತ್ತಾರು ಬಾಗಿದ ಹಲ್ಲುಗಳು, ಮೇಲೊಂದು ಸೀಟು, ಕಾಲಡಿಯಲ್ಲಿ ಒಂದು ಪೆಡಲು. ಮುಂದೆ ನಮ್ಮ ಹಳೆಯ ಪುಟ್ಟ ಟ್ರಾಕ್ಟರ್ ಎಳೆಯುತ್ತದೆ, ಹಲ್ಲುಗಳು ನೆಲದ ಮೇಲಿನ ಹುಲ್ಲನ್ನು ಬಾಚಿಕೊಂಡು ಬರುತ್ತವೆ, ತುಂಬಿದಾಗ ಸೀಟಿನಲ್ಲಿ ಕೂತವನು ಪೆಡಲು ತುಳಿಯುತ್ತಾನೆ, ಹಲ್ಲುಗಳು ಮೇಲೆದ್ದು ಹುಲ್ಲು ಸಾಲಾಗಿ ಬೀಳುತ್ತದೆ. ಇಷ್ಟೇ ವಿದ್ಯೆ. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮುಂದೆ ಬರುವ ಗೊಂದಲದಲ್ಲಿ ನನಗಂತೂ ಯಾವುದು ಎಲ್ಲಿದೆ ಎಂದು ತಿಳಿಯಲಿಲ್ಲ, ಓದುವವರಿಗಾದರೂ ತಿಳಿದಿರಲಿ.

ಗೊಂದಲ ಹುಟ್ಟಿದ್ದು ಒಂದು ಭಾನುವಾರ, ಊಟದ ಮೇಜಿನಲ್ಲಿ. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಊಟದ ನೆಪದಲ್ಲಿ ಸುದ್ದಿ ಹೇಳಲು ಬಂದಿದ್ದ. ಹುಲ್ಲಿಗೆ ಹೊಸ ಯಂತ್ರ ತಂದಿದ್ದನಂತೆ.

"ಅದೇ ಬಾಚತ್ತೆ, ಅದೇ ಸುತ್ತತ್ತೆ, ಅದೇ ಪ್ಲಾಸ್ಟಿಕ್ ಹೊದಿಸತ್ತೆ. ಕೆಲಸ ಮುಗಿದ್ಮೇಲೆ ಒಂದು ಟ್ಯೂನ್ ಬೇರೆ ಹಾಕತ್ತೆ," ಎಂದ. "ನಿಮ್ದು ಇನ್ನೂ ಅದೇನಾ?"

"ಅದೇ ಭಾವ," ಎಂದಳು ನನ್ನ ಹೆಂಡತಿ.

"ಪಾಪ," ಎಂದು ಅವನು ಪಲ್ಯ ಇನ್ನೊಂದು ಸಲ ಹಾಕಿಸಿಕೊಂಡ.

ಆ ಒಂದು 'ಪಾಪ' ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಕ್ಕಿದ್ದರೂ ಆಗುತ್ತಿತ್ತು. ಷಡ್ಡಕನ ಕನಿಕರವನ್ನು ನುಂಗುವ ಶಕ್ತಿ ದೇವರು ನನಗೆ ಕೊಟ್ಟಿಲ್ಲ.

"ಹೊಸದನ್ನ ಯಾರು ಬೇಕಾದ್ರೂ ತರಬಹುದು ಭಾವ," ಎಂದೆ. "ನಮ್ಮದಕ್ಕೆ ನೂರ ಇಪ್ಪತ್ತು ವರ್ಷ."

ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಏನ್ರೀ?"

"ನೂರ ಇಪ್ಪತ್ತು. ಮಾವನವರ ತಾತ ಹಡಗಿನಲ್ಲಿ ತರಿಸಿದ್ದು."

ಹಡಗಿನ ವಿಷಯ ನನಗೂ ಆಗಲೇ ಗೊತ್ತಾದದ್ದು. ಷಡ್ಡಕನೂ ಅದೇ ಮನೆಯ ಅಳಿಯ, ಸುಳ್ಳೆಂದು ಅಲ್ಲೇ ಹಿಡಿಯಬಹುದಿತ್ತು. ಆದರೆ ಹೆಂಡತಿಯ ತವರಿನ ಇಷ್ಟು ದೊಡ್ಡ ಸಂಗತಿ ಹಿರಿಯ ಅಳಿಯನಾದ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

"ಹೌದು ಹೌದು, ಹಡಗು," ಎಂದ. "ಕೇಳಿದ್ದೆ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಷಡ್ಡಕನಿಗೆ ಪೇಟೆಯ ಹಳೆಯ ವಸ್ತುಗಳ ರಕ್ಷಣಾ ಕಚೇರಿಯಲ್ಲಿ ಯಾರದೋ ಪರಿಚಯವಿದೆ. ಮನೆಗೆ ಹೋದವನು ಅಲ್ಲಿಗೊಂದು ಕಾಗದ ಬರೆದ. ನನಗೆ ಒಳ್ಳೆಯದಾಗಲಿ ಎಂದು ಬರೆದನೋ, ನಿಜಾನೋ ಸುಳ್ಳೋ ನೋಡಿಯೇ ಬಿಡೋಣ ಎಂದು ಬರೆದನೋ, ಇವತ್ತಿಗೂ ಬಗೆಹರಿದಿಲ್ಲ.

ಒಂದು ತಿಂಗಳ ಮೇಲೆ ನಮ್ಮ ಇಳಿಜಾರಿನ ಹುಲ್ಲುಗಾವಲಿನಲ್ಲಿ ಮೂರು ಎಕರೆ ಹುಲ್ಲು ಕೊಯ್ದು ಹರಡಿಯಾಗಿತ್ತು. ಎರಡು ದಿನ ಬಿಸಿಲು ಕಂಡಿತ್ತು, ಒಮ್ಮೆ ಮಗುಚಿ ಹಾಕಿಯೂ ಆಗಿತ್ತು. ಹೆಂಡತಿ ಬೆಳಿಗ್ಗೆ ಒಂದು ಹಿಡಿ ಹುಲ್ಲು ತಂದು ತಿರುಚಿದಳು, ಮೂಸಿದಳು.

"ಇನ್ನೊಂದು ಬಿಸಿಲು ಬೇಕು. ನಾಳೆ ಮಧ್ಯಾಹ್ನ ಬಾಚಿ ಅಟ್ಟಕ್ಕೆ ಹಾಕಿಬಿಡೋಣ," ಎಂದಳು. "ನಾಳೆ ಸಂಜೆಯಿಂದ ಮಳೆಯಂತೆ. ರೇಡಿಯೋದಲ್ಲಿ ಹೇಳಿದ್ರು. ನಾಕು ದಿನ ಬಿಡಲ್ವಂತೆ."

ಹೋದ ವರ್ಷವೂ ಹೀಗೆಯೇ ಆಗಿತ್ತು. ನಾನು ಬಾಚಣಿಗೆಯ ಮುರಿದ ಕೀಲಿಗೆ ಕೀಲು ಹುಡುಕುತ್ತಾ ಎರಡು ದಿನ ತಿರುಗಿದೆ, ಅಷ್ಟರಲ್ಲಿ ಹುಲ್ಲು ನೆನೆದು ಬೂಷ್ಟು ಹಿಡಿಯಿತು. ಬೂಷ್ಟು ಹಿಡಿದದ್ದನ್ನು ಹಸುವಿಗೆ ಹಾಕುವಂತಿಲ್ಲ. ಮೇವಿಲ್ಲದೆ ಎರಡು ಹಸು ಬೇರೆಯವರ ಮನೆ ಸೇರಿದವು. ಅವನ್ನು ಗೇಟಿನವರೆಗೆ ಹೆಂಡತಿಯೇ ಹಿಡಿದುಕೊಂಡು ಹೋಗಿ ಬಿಟ್ಟು ಬಂದಳು. ಬಂದವಳು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಉಳಿದದ್ದು ನಾಲ್ಕು, ಅದರಲ್ಲೊಂದು ಗಬ್ಬ.

"ಈ ಸಲವೂ ಹುಲ್ಲು ಹೋದ್ರೆ ಇವೂ ಹೋಗತ್ವೆ. ಆಮೇಲೆ ಕೊಟ್ಟಿಗೇಲಿ ನಿಮ್ಮನ್ನೇ ಕಟ್ಟಬೇಕು, ನೋಡ್ಕೊಳ್ಳಿ," ಎಂದು ಹೇಳಿ ಅವಳು ಹಸುಗಳನ್ನು ನೀರಿಗೆ ಹೊಡೆದುಕೊಂಡು ಹೋದಳು.

ನಾನು ಜವಾಬ್ದಾರಿಯಿಂದ ಬಾಚಣಿಗೆಯ ಕೆಳಗೆ ಅಂಗಾತ ಮಲಗಿ ಗ್ರೀಸ್ ಹಚ್ಚುತ್ತಿದ್ದೆ. ಆಗ ಚಕ್ರದ ಕಡ್ಡಿಗಳ ನಡುವೆ ಎರಡು ಬಿಳಿ ಕೈಗವಸು ಕಂಡವು. ಕೈಗವಸಿನ ಹಿಂದೆ ಒಬ್ಬ ಹೆಂಗಸು, ಹೆಗಲಲ್ಲಿ ಚೀಲ, ಕಂಕುಳಲ್ಲಿ ದಪ್ಪನೆಯ ರಿಜಿಸ್ಟರು.

"ಹಳೆಯ ವಸ್ತುಗಳ ಕಚೇರಿಯಿಂದ ಬಂದಿದೀನಿ. ನೀವು ಮಾಲೀಕರಾ?"

"ಹೌದು ಮೇಡಂ."

"ಏನು ಹಚ್ತಿದೀರಿ?"

"ಗ್ರೀಸ್."

"ದಯವಿಟ್ಟು ನಿಲ್ಲಿಸಿ."

ಆಕೆ ಹತ್ತಿಯಿಂದ ಚೂರು ಗ್ರೀಸ್ ಒರೆಸಿ ತೆಗೆದು, ಪುಟ್ಟ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಮೇಲೆ ಏನೋ ಬರೆದರು. ಹೋದ ವಾರ ನಾನೇ ಅಂಗಡಿಯಿಂದ ತಂದಿದ್ದ ಗ್ರೀಸನ್ನು ಯಾರೂ ಅಷ್ಟು ಮರ್ಯಾದೆಯಿಂದ ನಡೆಸಿಕೊಂಡಿರಲಿಲ್ಲ. ನನ್ನ ಎದೆಯುಬ್ಬಿತು. ಅಷ್ಟರಲ್ಲಿ ಬೇಲಿಯಾಚೆ ನೆರೆಹೊರೆಯವರು ಸೇರಿದ್ದರು: ಹೊಲಿಗೆ ಹೊಲಿಯುವ ಟೈಲರಕ್ಕ, ನಿವೃತ್ತ ಮೇಷ್ಟ್ರು, ರಸ್ತೆಯ ಕೊನೆಯ ವೆಲ್ಡರ್. ನಾನು ದನಿ ಸ್ವಲ್ಪ ಏರಿಸಿದೆ. ಹಡಗು ಬಂತು. ಜನ ಕೇಳುತ್ತಿದ್ದಾರೆ ಎಂದು ಹಡಗಿಗೆ ಒಂದು ಬಿರುಗಾಳಿಯನ್ನೂ ಸೇರಿಸಿದೆ.

"ಈ ತುಕ್ಕು ಎಷ್ಟು ವರ್ಷದ್ದು?" ಎಂದು ಕೇಳಿದರು ಅಧಿಕಾರಿ.

"ಅದೂ ಆಗಿನಿಂದಲೇ ಇದೆ ಮೇಡಂ."

ಬರೆದುಕೊಂಡರು. ಅವರು ತೋರಿಸಿದಲ್ಲೆಲ್ಲ ನಾನು ಸಹಿ ಹಾಕಿದೆ. ಚಕ್ರದ ಕಡ್ಡಿಗಳ ನಡುವೆ ತಂತಿ ಹಾಯಿಸಿ, ಚೌಕಟ್ಟಿಗೆ ಬಿಗಿದು, ಸೀಸದ ಮುದ್ರೆ ಒತ್ತಿ, ಹಳದಿ ಚೀಟಿಯೊಂದನ್ನು ತೂಗುಬಿಟ್ಟರು. ನಿಯಮಗಳ ಹಾಳೆಯೊಂದನ್ನು ನನ್ನ ಕೈಗಿತ್ತು ಹೊರಟುಹೋದರು. ನಾನು ಅದನ್ನು ಮಡಿಸಿ ಗ್ರೀಸ್ ಡಬ್ಬಿಯ ಮೇಲಿಟ್ಟು, ಬಾಚಣಿಗೆಯ ಪಕ್ಕದಲ್ಲಿ ನಿಂತುಕೊಂಡೆ. ಮೇಷ್ಟ್ರು ಬೇಲಿಯಾಚೆಯಿಂದಲೇ ಕೈಮುಗಿದರು. ನನಗೆ ಮುಗಿದರೋ ಬಾಚಣಿಗೆಗೋ ಗೊತ್ತಾಗಲಿಲ್ಲ.

ಹಸುಗಳಿಗೆ ನೀರು ಕುಡಿಸಿಕೊಂಡು ಬಂದ ಹೆಂಡತಿ ಚೀಟಿಯನ್ನು ಗಟ್ಟಿಯಾಗಿ ಓದಿದಳು. "ಸಂರಕ್ಷಿತ ವಸ್ತು. ಅಲುಗಿಸಬಾರದು. ಎಣ್ಣೆ ಹಚ್ಚಬಾರದು. ಬಳಸಬಾರದು. ಮುದ್ರೆ ಒಡೆದವರಿಗೆ ಆರು ತಿಂಗಳ ಸಜೆ." ಆಮೇಲೆ ನನ್ನ ಕಡೆ ತಿರುಗಿದಳು. "ಏನ್ರೀ ಇದು?"

"ಗೌರವ," ಎಂದೆ.

"ನಾಳೆ ಹುಲ್ಲು ಬಾಚೋದು ಯಾವುದ್ರಲ್ಲಿ? ಗೌರವದಲ್ಲಾ?"

ನಾನು ಚೀಟಿಯನ್ನು ಇನ್ನೊಮ್ಮೆ ಓದಿದೆ. ಮೊದಲನೇ ಸಲವೂ ಅದೇ ಎನ್ನಬೇಕು.

ಹೆಂಡತಿ ಬೈಯಲಿಲ್ಲ. ತನ್ನ ಭಾವನಿಗೆ ಫೋನ್ ಮಾಡಿದಳು. ಷಡ್ಡಕ ಅರ್ಧ ಗಂಟೆಯಲ್ಲಿ ಹೊಸ ಯಂತ್ರ ಏರಿಕೊಂಡು ಬಂದೇಬಿಟ್ಟ. ಇಷ್ಟು ಬೇಗ ಬರಬೇಕಾದರೆ ಆಗಲೇ ಸೀಟಿನ ಮೇಲೆ ಕೂತಿದ್ದನೋ ಏನೋ. ಯಂತ್ರ ಹುಲ್ಲುಗಾವಲಿನ ಬುಡದವರೆಗೆ ಬಂದು ಗಕ್ಕನೆ ನಿಂತಿತು. ಅದರ ಪರದೆಯ ಮೇಲೆ ಕೆಂಪು ಅಕ್ಷರ ಮಿಣುಕಿದವು.

"ಏನಂತೆ ಭಾವ?" ಎಂದೆ.

"ಇಳಿಜಾರು ಜಾಸ್ತಿಯಂತೆ. ಜೀವಕ್ಕೆ ಅಪಾಯ ಅಂತಿದೆ."

"ಯಾರ ಜೀವಕ್ಕೆ?"

"ಅದರದ್ದಕ್ಕೇ ಇರಬೇಕು."

ಅವನು ಯಾವುದೋ ಗುಂಡಿ ಒತ್ತಿದ. ಯಂತ್ರ ಕೆಲಸ ಮುಗಿದಾಗಿನ ಟ್ಯೂನ್ ಹಾಕಿತು. ಆಮೇಲೆ ಹಿಂದಕ್ಕೂ ಹೋಗಲಿಲ್ಲ. ಷಡ್ಡಕ ಅದನ್ನು ಅಲ್ಲೇ ಬಿಟ್ಟು ನಡೆದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಹೆಂಡತಿ ಮರದ ಕೈಬಾಚಣಿಗೆ ಹಿಡಿದು ಒಬ್ಬಳೇ ಹುಲ್ಲುಗಾವಲಿಗೆ ಇಳಿದಳು. ಮೂರು ಎಕರೆ ಹುಲ್ಲು, ಒಂದು ಕೈಬಾಚಣಿಗೆ, ಸಂಜೆಗೆ ಮಳೆ. ನಾನು ಮೊದಲ ಬಸ್ಸಿಗೆ ಪೇಟೆಗೆ ಓಡಿದೆ.

ಕಚೇರಿಯ ತುಂಬ ಹಳೆಯ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಅವುಗಳ ನಡುವೆ ಅಧಿಕಾರಿ ಕೂತಿದ್ದರು.

"ಮೇಡಂ, ನಾನು ಸುಳ್ಳು ಹೇಳಿದೆ," ಎಂದೆ.

ಆಕೆ ತಲೆಯೆತ್ತಲಿಲ್ಲ. "ಕೂತ್ಕೊಳ್ಳಿ. ನೋಂದಣಿ ಆದ ಮಾರನೇ ದಿನ ಎಲ್ಲರೂ ಹಾಗೇ ಅಂತಾರೆ. ಹೋದ ತಿಂಗಳು ಒಬ್ಬರು ತಮ್ಮ ಗಡಿಯಾರ ಸಂತೇಲಿ ತಗೊಂಡದ್ದು ಅಂತ ಇದೇ ಕುರ್ಚೀಲಿ ಕೂತು ಅತ್ತರು. ನೋಡಿದ್ರೆ ನಿಜವಾಗ್ಲೂ ಹಳೇದು."

"ನಮ್ಮದು ನಿಜವಾಗ್ಲೂ ಹೊಸದು ಮೇಡಂ. ಪೆಡಲು ಟೈಲರಕ್ಕನ ಹೊಲಿಗೆ ಯಂತ್ರದ್ದು. ಹಲ್ಲು ಎತ್ತೋ ಸರಳು ಮೇಷ್ಟ್ರ ಗೇಟಿಂದು. ಹತ್ತೊಂಬತ್ತು ಹಲ್ಲು ವೆಲ್ಡರ್ ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ್ದು."

"ಮತ್ತೆ ಸೀಟು?"

ಸೀಟು ಷಡ್ಡಕನ ಹಳೆಯ ಟ್ರಾಕ್ಟರಿನದು. ಅವನ ಮನೆಗೆ ಊಟಕ್ಕೆ ಹೋದಾಗ ತಂದದ್ದು. ನಾನು ಕಳ್ಳನಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಬಾಚಣಿಗೆಗೆಂದು ತಂದ ಸಾಮಾನುಗಳಲ್ಲಿ ಕೇಳಿ ತಂದವು ಕೆಲವು, ಆಮೇಲೆ ಕೇಳೋಣ ಎಂದು ತಂದವು ಕೆಲವು. ಸೀಟು ಎರಡನೆಯ ಜಾತಿಯದು.

"ಅದೂ ಒಬ್ಬರ ಕಡೆಯದು," ಎಂದೆ.

"ನೀವು ಹೇಳಿದ್ರೆ ಸಾಲದು. ಸಮಿತಿ ಮುಂದೆ ಇಡಬೇಕು, ಅದು ಸೇರೋದು ಐದು ತಿಂಗಳ ಮೇಲೆ." ನನ್ನ ಮುಖ ನೋಡಿ ಆಕೆ ಪೆನ್ನು ಕೆಳಗಿಟ್ಟರು. "ಇನ್ನೊಂದು ದಾರಿ ಇದೆ. ಆಯಾ ಭಾಗದ ವಾರಸುದಾರರು ಸ್ಥಳದಲ್ಲೇ ಸಾಕ್ಷಿ ಹೇಳಲಿ. ಅರ್ಧಕ್ಕಿಂತ ಹೆಚ್ಚು ಈಚಿನದು ಅಂತಾದ್ರೆ ನಾನೇ ಚೀಟಿ ತೆಗೀತೀನಿ. ಮಧ್ಯಾಹ್ನ ಬರ್ತೀನಿ."

ಇಷ್ಟು ಸುಲಭವೆಂದು ನಾನೆಣಿಸಿರಲಿಲ್ಲ. ಊರಿಗೆ ಬಂದವನೇ ಮನೆಮನೆಗೆ ಓಡಿದೆ. ಟೈಲರಕ್ಕ ಹೊಲಿಗೆ ಯಂತ್ರದ ಚಕ್ರವನ್ನು ಕೈಯಲ್ಲಿ ತಿರುಗಿಸಿಕೊಂಡು ಹೊಲಿಯುತ್ತಿದ್ದಳು.

"ಒಂದು ವಾರಕ್ಕೆ ಅಂತ ಪೆಡಲು ತಗೊಂಡು ಹೋಗಿ ಹನ್ನೊಂದು ವರ್ಷ ಆಯ್ತಣ್ಣ," ಎಂದಳು.

"ಈಗ ನಿನ್ನ ಪೆಡಲಿಗೇ ಸಾಕ್ಷಿ ಹೇಳೋ ಅವಕಾಶ ಬಂದಿದೆ. ಹೊಸದು ಅಂತ ಹೇಳಿದ್ರೆ ಸಾಕು. ಹನ್ನೆರಡು ವರ್ಷ ಅನ್ನು."

ಮೇಷ್ಟ್ರ ಗೇಟು ಹಗ್ಗದಲ್ಲಿ ನೇತಾಡುತ್ತಿತ್ತು. ಸರಳು ಹೋದದ್ದು ಎಲ್ಲಿಗೆಂದು ಅವರಿಗೆ ಆಗಲೇ ತಿಳಿದದ್ದು. "ಏನಯ್ಯ, ನಾನು ಇಷ್ಟು ವರ್ಷ ಆ ವೆಲ್ಡರನ್ನ ಬೈಕೊಂಡು ತಿರುಗಿದೆನಲ್ಲಯ್ಯ," ಎಂದರು. ಆದರೂ ಬರುತ್ತೇನೆಂದರು. ವೆಲ್ಡರ್ ಅಂತೂ ಕೂಡಲೇ ಹೊರಟ. ನಿಜ ಹೇಳುವುದಷ್ಟೇ ತಾನೇ, ಅದಕ್ಕೇನು, ಎಂದ.

ಮಧ್ಯಾಹ್ನ ಅಧಿಕಾರಿ ಚಪ್ಪರದ ಕೆಳಗೆ ಸ್ಟೂಲಿನ ಮೇಲೆ ರಿಜಿಸ್ಟರು ಬಿಚ್ಚಿದರು. ಪಡುವಣದ ಮೋಡ ಆಗಲೇ ಕಪ್ಪಾಗಿತ್ತು. ಹೆಂಡತಿ ದೂರದಲ್ಲಿ, ಹುಲ್ಲುಗಾವಲಿನ ಒಂದು ಮೂಲೆಯಲ್ಲಿ, ಬಗ್ಗಿ ಎದ್ದು ಬಗ್ಗಿ ಎದ್ದು ಬಾಚುತ್ತಿದ್ದಳು.

ಮೊದಲ ಸಾಕ್ಷಿ ಟೈಲರಕ್ಕ.

"ಈ ಪೆಡಲು ನಿಮ್ಮದಾ?"

"ನಂದೇ ಮೇಡಂ."

"ಎಷ್ಟು ವರ್ಷದ್ದು?"

ಟೈಲರಕ್ಕ ಬಿಳಿ ಕೈಗವಸು ನೋಡಿದಳು, ರಿಜಿಸ್ಟರು ನೋಡಿದಳು, ಹಳದಿ ಚೀಟಿ ನೋಡಿದಳು. ಅವಳ ಮನೆಯ ವಸ್ತುವೊಂದರ ಬಗ್ಗೆ ಇಷ್ಟು ದಪ್ಪ ಪುಸ್ತಕದಲ್ಲಿ ಯಾರೂ ಬರೆದುಕೊಂಡಿರಲಿಲ್ಲ.

"ನಮ್ಮಜ್ಜಿಯ ಅಜ್ಜಿದು," ಎಂದಳು. "ನೂರ ಮೂವತ್ತಕ್ಕೆ ಮೋಸ ಇಲ್ಲ."

ನಾನು ಬೆಚ್ಚಿಬಿದ್ದೆ. "ಅಕ್ಕ, ನಿಂಗೆ ಮದುವೇಲಿ ಕೊಟ್ಟ ಯಂತ್ರ ಅಂತ ನೀನೇ ಹೇಳಿದ್ಯಲ್ಲ?"

"ನಂಗೆ ಕೊಟ್ಟದ್ದು ಹೌದು. ಅದಕ್ಕೂ ಮುಂಚೆ ಇನ್ಯಾರಿಗೋ ಕೊಟ್ಟಿರ್ತಾರಲ್ಲ?"

ಅಧಿಕಾರಿ ಪೆಡಲಿಗೆ ಇನ್ನೊಂದು ಹಳದಿ ಚೀಟಿ ಕಟ್ಟಿದರು. ಟೈಲರಕ್ಕ ಅದನ್ನು ನೇರ ಮಾಡಿ, ಎಲ್ಲರಿಗೂ ಕಾಣುವಂತೆ ತಿರುಗಿಸಿದಳು.

ಇದನ್ನು ನೋಡುತ್ತಿದ್ದ ಮೇಷ್ಟ್ರು ಮುಂದೆ ಬಂದರು. ಮೂವತ್ತೈದು ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಕಾಪಿ ಬರೆಸಿದವರು. ನನ್ನ ಭರವಸೆಯೆಲ್ಲ ಅವರ ಮೇಲಿತ್ತು.

"ನಾನು ಸುಳ್ಳು ಹೇಳೋನಲ್ಲ. ಆ ಗೇಟು ನಮ್ಮ ಮುತ್ತಜ್ಜನಿಗೂ ಮುಂಚಿನದು. ನೂರ ಅರವತ್ತು ಅಂತ ಬರ್ಕೊಳ್ಳಿ."

"ಮೇಷ್ಟ್ರೇ, ನಿಮ್ಮ ಮನೆ ಕಟ್ಟಿದ್ದೇ ನೀವು ನಿವೃತ್ತರಾದ್ಮೇಲಲ್ವಾ?"

"ಗೇಟು ಮೊದಲೇ ಇತ್ತಯ್ಯ. ಮನೆ ಆಮೇಲೆ ಕಟ್ಟಿದ್ವಿ."

ಮೂರನೇ ಚೀಟಿ ಬಿತ್ತು. ಅಷ್ಟರಲ್ಲಿ ತನ್ನ ಯಂತ್ರವನ್ನು ಒಲಿಸಿಕೊಂಡು ಮನೆಗೆ ಒಯ್ಯಲು ಬಂದಿದ್ದ ಷಡ್ಡಕ ಗುಂಪು ಕಂಡು ಇತ್ತ ಬಂದ. ಬಂದವನ ಕಣ್ಣು ಸೀಟಿನ ಮೇಲೆ ಬಿತ್ತು.

"ಇದು ನನ್ನ ಸೀಟು," ಎಂದ.

ನಾನು ಆಕಾಶ ನೋಡಿದೆ. ಅವನು ಕೂಗಾಡುತ್ತಾನೆ, ಕಿತ್ತುಕೊಂಡು ಹೋಗುತ್ತಾನೆ, ಆ ನೆಪದಲ್ಲಾದರೂ ಅದು ಹೊಸದೆಂದು ತಿಳಿಯುತ್ತದೆ ಎಂದುಕೊಂಡೆ. ಷಡ್ಡಕ ಪೆಡಲಿನ ಚೀಟಿ ಓದಿದ, ಸರಳಿನ ಚೀಟಿ ಓದಿದ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದ.

"ಇನ್ನೂರು ವರ್ಷದ್ದು," ಎಂದ.

"ಆಗ ಟ್ರಾಕ್ಟರ್ ಎಲ್ಲಿತ್ತು ಸಾರ್?" ಎಂದ ವೆಲ್ಡರ್.

"ಟ್ರಾಕ್ಟರ್ ಇರಲಿಲ್ಲಪ್ಪ. ಸೀಟಿತ್ತು."

ಅಧಿಕಾರಿಯ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ 'ಹೇಳಿಕೆಯಂತೆ' ಎಂದು ಸೇರಿಸಿ ಮುಂದುವರಿಯಿತು.

ಉಳಿದವನು ವೆಲ್ಡರ್ ಒಬ್ಬ. ಆರು ವರ್ಷದ ಹಿಂದೆ ಆ ಹತ್ತೊಂಬತ್ತು ಹಲ್ಲುಗಳನ್ನು ಅವನು ನನ್ನ ಕಣ್ಣೆದುರೇ ಕಾಯಿಸಿ ಬಗ್ಗಿಸಿದ್ದ. ಇಪ್ಪತ್ತಾರರಲ್ಲಿ ಹತ್ತೊಂಬತ್ತು ಹೊಸದೆಂದಾದರೆ ಈಗಲೂ ಬಚಾವಾಗುತ್ತಿದ್ದೆ. ಅವನ ಭುಜ ಹಿಡಿದುಕೊಂಡೆ. "ಹಲ್ಲು ನೀನೇ ಮಾಡಿದ್ದು ತಾನೇ? ಇದ್ದದ್ದು ಇದ್ದ ಹಾಗೆ ಹೇಳಪ್ಪ."

"ಮಾಡಿದ್ದು ನಾನೇ ಯಜಮಾನ್ರೇ," ಎಂದ. ನನಗೆ ಜೀವ ಬಂತು. ಅವನು ಅಧಿಕಾರಿಯ ಕಡೆ ತಿರುಗಿದ. "ಆದ್ರೆ ಕಬ್ಬಿಣ ನಾನು ಮಾಡಿದ್ದಲ್ಲ ಮೇಡಂ. ಅದು ಭೂಮಿ ಹುಟ್ಟಿದಾಗಿಂದ ಇದೆ."

ಅಧಿಕಾರಿ ಅದನ್ನೂ ಬರೆದುಕೊಂಡರು. ಹತ್ತೊಂಬತ್ತು ಚೀಟಿ. ಕಟ್ಟುವುದಕ್ಕೇ ಅರ್ಧ ಗಂಟೆ ಹಿಡಿಯಿತು, ನೆರೆಹೊರೆಯವರು ದಾರ ಕತ್ತರಿಸಿ ಕತ್ತರಿಸಿ ಕೊಟ್ಟರು. ನಿನ್ನೆ ಒಂದೇ ಚೀಟಿಯಿದ್ದ ಬಾಚಣಿಗೆ ಈಗ ಗಾಳಿಗೆ ಹಳದಿ ಹಳದಿಯಾಗಿ ಪಟಪಟಿಸುತ್ತಿತ್ತು. ಗುಡುಗು ಕೇಳಿಸಿತು. ನಾನು ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ಒಂದು ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋದರೆ ಊರವರೆಲ್ಲ ಸೇರಿ ಅದನ್ನು ಬೆಳೆಸಿ ಕೈಗೆ ಕೊಟ್ಟಿದ್ದರು. ಇದು ಹೇಗಾಯಿತೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಆಗ ಹೆಂಡತಿ ನೀರು ಕುಡಿಯಲು ಬಂದಳು.

ಅವಳ ಅಂಗೈಯೆಲ್ಲ ಬೊಬ್ಬೆ ಎದ್ದಿತ್ತು, ಕೆಲವು ಒಡೆದಿದ್ದವು. ಬೆಳಗಿನಿಂದ ಬಾಚಿದ್ದು ಒಂದು ಮೂಲೆ, ಉಳಿದದ್ದು ಇಡೀ ಹುಲ್ಲುಗಾವಲು. ಅವಳು ಬಾಚಣಿಗೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ನನ್ನನ್ನು ನೋಡಲಿಲ್ಲ. ನೀರು ಕುಡಿದು, ಕೈ ಒರೆಸಿಕೊಂಡು, ಗ್ರೀಸ್ ಡಬ್ಬಿಯ ಮೇಲಿದ್ದ ನಿಯಮಗಳ ಹಾಳೆ ಬಿಚ್ಚಿ ನಿಂತಲ್ಲೇ ಓದತೊಡಗಿದಳು. ಅದನ್ನು ಓದಿದ ಮೊದಲನೆಯವಳು ಅವಳೇ.

"ಮೇಡಂ," ಎಂದಳು, "ಇಲ್ಲಿ ನಾಲ್ಕನೇದು ಏನು ಅಂತ ಸ್ವಲ್ಪ ಹೇಳ್ತೀರಾ?"

ಅಧಿಕಾರಿ ನೋಡದೆಯೇ ಹೇಳಿದರು. "ಸಂರಕ್ಷಿತ ವಸ್ತುವನ್ನು ಅದರ ಮೂಲ ಸ್ಥಳಕ್ಕೆ ಒಯ್ಯುವ ಸಲುವಾಗಿ ಮಾತ್ರ, ಅಧಿಕಾರಿಯ ಸಮ್ಮುಖದಲ್ಲಿ, ಚಲಿಸಬಹುದು."

"ಇದರ ಮೂಲ ಸ್ಥಳ ಈ ಚಪ್ಪರ ಅಲ್ಲ. ಚಪ್ಪರ ಹಾಕಿ ನಾಕು ವರ್ಷ ಆಯ್ತಷ್ಟೆ."

"ಮತ್ತೆ ಯಾವುದು?"

ಹೆಂಡತಿ ಹುಲ್ಲುಗಾವಲಿನ ಕಡೆ ಕೈ ತೋರಿಸಿದಳು.

"ಅದರಲ್ಲಿ ಯಾವ ಜಾಗ? ನಾನು ನಕ್ಷೇಲಿ ಗುರುತು ಹಾಕ್ಬೇಕು."

"ಮೇಲಿನ ಬೇಲಿಯಿಂದ ಕೆಳಗಿನ ಬೇಲಿವರೆಗೆ. ಆಮೇಲೆ ಅದರ ಪಕ್ಕದಲ್ಲೇ ಕೆಳಗಿಂದ ಮೇಲಕ್ಕೆ. ಹಾಗೇ ಆ ಕೊನೇವರೆಗೆ."

"ಅಷ್ಟೂ ಮೂಲ ಸ್ಥಳಾನಾ?"

"ಒಂದಡಿ ಬಿಡದೆ."

ಅಧಿಕಾರಿ ಅವಳ ಅಂಗೈ ನೋಡಿದರು. ಮೋಡ ನೋಡಿದರು. ಎರಡು ದಿನದಲ್ಲಿ ಮೊದಲ ಬಾರಿಗೆ ಕೈಗವಸು ಕಳಚಿ, ಮಡಿಸಿ ಚೀಲದಲ್ಲಿಟ್ಟು, ಇಕ್ಕುಳ ತೆಗೆದು ತಂತಿ ಕತ್ತರಿಸಿದರು.

"ಒಯ್ಯುವಾಗ ಯಾವ ಭಾಗಕ್ಕೂ ಹಾನಿ ಆಗ್ಬಾರದು," ಎಂದರು. "ಆಯಾ ವಾರಸುದಾರರು ಜೊತೇಲೇ ಇರಬೇಕು."

ಹೆಂಡತಿ ಟ್ರಾಕ್ಟರ್ ತಂದು ಜೋಡಿಸಿದಳು. ಪ್ರತಿ ವರ್ಷ ಸೀಟಿನಲ್ಲಿ ಕೂರುವವನು ನಾನು, ಹತ್ತಲು ಹೋದೆ. ಷಡ್ಡಕ ಅಡ್ಡ ಬಂದು ಹತ್ತಿ ಕೂತ. ತನ್ನ ಸೀಟಿನ ಮೇಲೆ ತಾನೇ ಕೂರಬೇಕೆಂದ. ಟೈಲರಕ್ಕ, ತನ್ನ ಪೆಡಲನ್ನು ಗಂಡಸರ ಕಾಲು ಇನ್ನು ಮುಟ್ಟಕೂಡದು ಎಂದಳು. ಸೀಟಿನಲ್ಲಿ ಒಬ್ಬರು ಕೂತು ಪೆಡಲನ್ನು ಇನ್ನೊಬ್ಬರು ತುಳಿಯುವುದು ಹೇಗೆಂದು ಎರಡು ನಿಮಿಷ ವಾದವಾಯಿತು.

"ಭಾವ," ಎಂದಳು ನನ್ನ ಹೆಂಡತಿ ಟ್ರಾಕ್ಟರ್ ಮೇಲಿಂದ. ಅಷ್ಟೇ. ಷಡ್ಡಕ ಇಳಿದು ಟೈಲರಕ್ಕನಿಗೆ ಕೈಕೊಟ್ಟು ಹತ್ತಿಸಿದ.

"ಹಲ್ಲು ಎತ್ಕೊಂಡು ಹೋಗೋದು ಒಳ್ಳೇದಲ್ವಾ?" ಎಂದು ಅಧಿಕಾರಿ ಕೇಳಿದರು.

"ಎತ್ತಿದ್ರೆ ನನ್ನ ಪೆಡಲಿನ ಮೇಲೆ ಭಾರ ಬೀಳತ್ತೆ," ಎಂದಳು ಟೈಲರಕ್ಕ. "ಇಳಿಸೇ ಇರಲಿ."

"ಆದ್ರೆ ಆಗಾಗ ಎತ್ತಿ ಇಳಿಸ್ಬೇಕು," ಎಂದರು ಮೇಷ್ಟ್ರು. "ಇಲ್ಲಾಂದ್ರೆ ನನ್ನ ಸರಳು ಹಿಡ್ಕೊಂಡುಬಿಡತ್ತೆ."

"ಸಂರಕ್ಷಣೆಗೆ ಅಗತ್ಯ ಇದ್ರೆ ಮಾಡಿ," ಎಂದು ಅಧಿಕಾರಿ ಬರೆದುಕೊಂಡರು. ಅವರ ಮುಖದಲ್ಲಿ ನಗುವಿತ್ತೋ, ಬಿಸಿಲಿಗೆ ಕಣ್ಣು ಕಿರಿದಾಗಿತ್ತೋ ಹೇಳಲಾರೆ. ಬಿಸಿಲಂತೂ ಇರಲಿಲ್ಲ.

ಹೀಗೆ ಭೂಮಿ ಹುಟ್ಟಿದಾಗಿನಿಂದ ಇರುವ ಹಲ್ಲುಗಳು ತಮ್ಮ ಮೂಲ ಸ್ಥಳಕ್ಕೆ ಹೊರಟವು. ಹೆಂಡತಿ ಟ್ರಾಕ್ಟರ್ ಬಿಡುತ್ತಿದ್ದಳು. ಟೈಲರಕ್ಕ ಪೆಡಲು ತುಳಿಯುತ್ತಿದ್ದಳು. ಎಡಕ್ಕೆ ಮೇಷ್ಟ್ರು ಸರಳಿನ ಮೇಲೆ ಕಣ್ಣಿಟ್ಟು, ಬಲಕ್ಕೆ ವೆಲ್ಡರ್ ಹಲ್ಲು ಎಣಿಸುತ್ತಾ, ಹಿಂದೆ ಷಡ್ಡಕ ಸೀಟು ನೋಡುತ್ತಾ, ಎಲ್ಲರ ಪಕ್ಕದಲ್ಲಿ ಅಧಿಕಾರಿ ಕೊಡೆ ಹಿಡಿದು. ನನಗೆ ಒಂದು ಕೆಂಪು ಬಟ್ಟೆ ಕೊಟ್ಟು, ಸಂರಕ್ಷಿತ ವಸ್ತು ಬರುತ್ತಿದೆ ಎಂದು ಮುಂದೆ ಮುಂದೆ ನಡೆಯಲು ಹೇಳಿದರು. ಹುಲ್ಲುಗಾವಲಿನಲ್ಲಿ ನಾವಲ್ಲದೆ ಬೇರೆ ಯಾರೂ ಇರಲಿಲ್ಲ. ಆದರೂ ನಡೆದೆ.

ಟೈಲರಕ್ಕನ ಕಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹನ್ನೊಂದು ವರ್ಷ ನಾನು ತುಳಿದಾಗ ಹುಲ್ಲಿನ ಸಾಲು ಒಮ್ಮೆ ಆಚೆ ಒಮ್ಮೆ ಈಚೆ ಬೀಳುತ್ತಿತ್ತು. ಅವಳು ತುಳಿದರೆ ಸಾಲು ಹೊಲಿಗೆ ಹಾಕಿದಷ್ಟು ನೇರ. ಮೂರನೇ ಸುತ್ತಿಗೆ ಅವಳು "ಸ್ವಲ್ಪ ಜೋರಾಗಿ ಹೋಗು ತಾಯಿ" ಎಂದಳು. ಐದನೇ ಸುತ್ತಿಗೆ ನಾನು ಕೆಂಪು ಬಟ್ಟೆ ಸಮೇತ ಎಡವಿ ಬಿದ್ದೆ. ಆರನೆಯದಕ್ಕೆ ಹೆಂಡತಿ, "ರೀ, ಪಕ್ಕಕ್ಕೆ ಬಂದು ಹುಲ್ಲೆತ್ತೋ ಕವೆಗೋಲು ತಗೊಳ್ಳಿ," ಎಂದಳು. ಹಿಂದಿನ ದಿನದಿಂದ ಅವಳು ನನ್ನ ಜೊತೆ ಆಡಿದ ಮೊದಲ ಮಾತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೂಲ ಸ್ಥಳಕ್ಕೆ ಬಾಚಣಿಗೆಯನ್ನು ಹದಿನಾಲ್ಕು ಸಲ ಒಯ್ದದ್ದಾಯಿತು. ಆಮೇಲೆ ಗಾಡಿಗೆ ತುಂಬುವುದು. ಮೇಷ್ಟ್ರು ಕವೆಗೋಲು ಹಿಡಿದರು, ವೆಲ್ಡರ್ ಗಾಡಿಯ ಮೇಲೆ ಹತ್ತಿ ತುಳಿದ, ಷಡ್ಡಕ ಅಂಗಿ ಬಿಚ್ಚಿ ಹೊರೆ ಹೊತ್ತ. ಅಧಿಕಾರಿಯೂ ಎರಡು ತೋಳು ತುಂಬ ಹುಲ್ಲು ಅಪ್ಪಿಕೊಂಡು ಬಂದರು. ಇದು ಯಾವ ನಿಯಮದಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೊನೆಯ ಗಾಡಿಯ ಹಿಂದಿನ ಚಕ್ರ ಕೊಟ್ಟಿಗೆಯ ಹೊಸ್ತಿಲು ದಾಟುವುದಕ್ಕೂ ದಪ್ಪ ಹನಿ ಬೀಳುವುದಕ್ಕೂ ಸರಿಹೋಯಿತು.

ಮಳೆ ಸುರಿಯುತ್ತಿತ್ತು. ಎಲ್ಲರೂ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ನಿಂತಿದ್ದೆವು. ಅಟ್ಟ ತುಂಬಿ ಹುಲ್ಲು ಕೆಳಗೆ ಇಳಿಬಿದ್ದಿತ್ತು. ಹೆಂಡತಿ ಒಂದು ಹಿಡಿ ಎಳೆದು ತಿರುಚಿ ನೋಡಿದಳು, ಗರಗರ ಎಂದಿತು. ಅದನ್ನು ಗಬ್ಬದ ಹಸುವಿನ ಬಾಯಿಗೆ ಕೊಟ್ಟು, ಅದು ಮೆಲ್ಲುವುದನ್ನು ನೋಡುತ್ತಾ ಅದರ ಕತ್ತಿನ ಮೇಲೆ ಕೈಯಿಟ್ಟು ನಿಂತಳು. ಅವಳ ಕಣ್ಣು ತುಂಬಿತ್ತು.

ಅಧಿಕಾರಿ ಹುಲ್ಲಿನ ಮೇಲೆ ಕೂತು ರಿಜಿಸ್ಟರು ಬಿಚ್ಚಿದರು. ಅವರ ತಲೆಯಲ್ಲೂ ಹುಲ್ಲಿತ್ತು.

"ಒಂದು ಬಾಕಿ ಇದೆ. ನಡುವಿನ ಅಚ್ಚು, ಚಕ್ರ, ಮಿಕ್ಕ ಏಳು ಹಲ್ಲು. ಅವು ಯಾರದ್ದು ಅಂತ ಯಾರೂ ಹೇಳಲಿಲ್ಲ."

"ನಮ್ಮಪ್ಪಂದು," ಎಂದಳು ಹೆಂಡತಿ. "ನಾನು ಹುಟ್ಟಿದ ವರ್ಷ ತಂದರು. ಹೊಸದು. ಬಣ್ಣ ಇನ್ನೂ ಹಸಿಯಾಗಿತ್ತಂತೆ, ಅಪ್ಪನ ಅಂಗಿಗೆಲ್ಲ ಹತ್ತಿತ್ತಂತೆ."

ಎಲ್ಲರೂ ನನ್ನ ಕಡೆ ತಿರುಗಿದರು.

"ಮತ್ತೆ ಹಡಗು?" ಎಂದ ಷಡ್ಡಕ.

ನಾನು ಹಸುವನ್ನು ನೋಡುತ್ತಾ ನಿಂತೆ. ಅದೂ ಮೆಲ್ಲುವುದು ನಿಲ್ಲಿಸಿ ನನ್ನನ್ನು ನೋಡಿತು.

ಅಧಿಕಾರಿ ಪುಟ ಹಿಂದಕ್ಕೆ ತಿರುಗಿಸಿ, ನನ್ನ ಸಹಿಯ ಮೇಲಿದ್ದ ಸಾಲಿನಲ್ಲಿ ಪೆನ್ನಿಟ್ಟು ಹೆಂಡತಿಯ ಕಡೆ ನೋಡಿದರು. "ಹಾಗಾದ್ರೆ ನೂರ ಇಪ್ಪತ್ತು ಅನ್ನೋದನ್ನ ಹೊಡೆದುಹಾಕಿ ನಿಮ್ಮ ವಯಸ್ಸು ಬರೀಲಾ?"

ಹೆಂಡತಿ ತನ್ನ ಅಂಗೈ ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು.

"ಬೇಡ ಮೇಡಂ, ಇರಲಿ ಬಿಡಿ. ಇವರ ಜೊತೆ ಸಂಸಾರ ಮಾಡಿದೋಳಿಗೆ ಅಷ್ಟು ಆಗೇ ಇರತ್ತೆ."

ಅಧಿಕಾರಿ ರಿಜಿಸ್ಟರು ಮುಚ್ಚಿದರು.